ಬರಿದಾದ ಮೋಡ

ಬೆಟ್ಟಸಾಲಿನ ಆಚೆಯೇ ತನ್ನ ನೀರನ್ನೆಲ್ಲ ಸುರಿದು ಬರಿದಾಗಿದ್ದ ಮೋಡವೊಂದು ಈಚೆಯ ಎತ್ತರದ ಬಯಲಿಗೆ ಬಂತು. ಅಲ್ಲಿ ಒಂದು ನೆಲಗುಬ್ಬಿ ಕಾದ ನೆಲದ ಮೇಲಿನ ತನ್ನ ಗೂಡಿನಲ್ಲಿ ರೆಕ್ಕೆ ಹರಡಿ, ತನ್ನ ಎರಡು ಮರಿಗಳಿಗೆ ಬಿಸಿಲು ತಾಗದಂತೆ ನಿಂತಿತ್ತು. ಬಾಯಾರಿ ಅದರ ಕೊಕ್ಕು ತೆರೆದೇ ಇತ್ತು.

ಮೋಡ ನಾಚಿಕೊಂಡು, "ನನ್ನ ಕಡೆ ನೋಡಬೇಡ ತಂಗಿ. ನನ್ನಲ್ಲಿ ಒಂದು ಹನಿಯೂ ಉಳಿದಿಲ್ಲ," ಎಂದಿತು.

"ಮಳೆ ಬೇಡ ಅಣ್ಣ. ನಾನು ಹಳ್ಳಕ್ಕೆ ಹೋಗಿ ನೀರು ಕುಡಿದು ಬರುವವರೆಗೆ ಇಲ್ಲೇ ನಿಲ್ಲುತ್ತೀಯಾ? ಬಿಸಿಲಿಗೆ ಬಿಟ್ಟುಹೋದರೆ ಮರಿಗಳು ಉಳಿಯುವುದಿಲ್ಲ."

"ಈ ಒಣಗಾಳಿಯಲ್ಲಿ ನಿಂತರೆ ನಾನು ಕರಗಿಹೋಗುತ್ತೇನಲ್ಲ," ಎಂದಿತು ಮೋಡ.

ಅಷ್ಟರಲ್ಲಿ ನೆಲಗುಬ್ಬಿಯ ರೆಕ್ಕೆಯಡಿಯಿಂದ ಒಂದು ಮರಿ ತಲೆ ಹೊರಹಾಕಿ, ಬಿಸಿಲು ತಾಳದೆ ಕಣ್ಣು ಮುಚ್ಚಿಕೊಂಡಿತು. ಅದನ್ನು ಕಂಡ ಮೋಡ ಗೂಡಿನ ಮೇಲಕ್ಕೆ ಸರಿದು, "ಹೋಗಿ ಬಾ, ಅವಸರ ಮಾಡಬೇಡ," ಎಂದಿತು.

ನೆಲಗುಬ್ಬಿ ನೀರು ಕುಡಿದು, ಮರಿಗಳಿಗೆ ತಂಪಾಗಲೆಂದು ಎದೆಯ ಪುಕ್ಕ ನೆನೆಸಿಕೊಂಡು ಹಾರಿಬಂದಾಗ ಮೋಡ ಅಂಗೈಯಷ್ಟೇ ಉಳಿದಿತ್ತು. ಅದರ ನೆರಳು ಗೂಡಿಗೆ ಮಾತ್ರ ಸಾಲುವಷ್ಟಿತ್ತು. ಮರಿಗಳು ಆ ನೆರಳಿನಲ್ಲಿ ನಿದ್ದೆಹೋಗಿದ್ದವು.

"ಬಂದೆ ಅಣ್ಣ, ಇನ್ನು ನೀನು ಹೊರಡು," ಎಂದಿತು ನೆಲಗುಬ್ಬಿ.

"ಮೊದಲು ನೀನು ರೆಕ್ಕೆ ಹರಡು," ಎಂದಿತು ಮೋಡ.