ಮುಂದಿನ ಎತ್ತು ನಿಂತಾಗ

“ಬೆಂಕಿ ಇಲ್ಲವೆಂದು ಬುದ್ಧಿಗೆ ಗೊತ್ತಿದೆ, ಗುರುಗಳೇ. ಆದರೂ ಎದೆ ಏಕೆ ನಂಬುವುದಿಲ್ಲ?”

ಕೇಳಿದವನು ಮಠದ ಶಿಷ್ಯ ರಾಚಯ್ಯ. ಹಿಂದಿನ ಬೇಸಿಗೆಯಲ್ಲಿ ಮಠದ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು, ಪಕ್ಕದ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಅವನನ್ನು ಗೋಡೆ ಒಡೆದು ಹೊರಗೆಳೆದಿದ್ದರು. ಮೈಮೇಲಿನ ಗಾಯ ಮಾಗಿತ್ತು. ಆದರೆ ಅಡುಗೆಮನೆಯ ಹೊಗೆ ಮೂಗಿಗೆ ಬಡಿದರೆ ಸಾಕು, ಎದೆ ಡವಗುಟ್ಟುತ್ತಿತ್ತು, ಅಂಗೈ ಬೆವರುತ್ತಿತ್ತು, ಕಾಲುಗಳು ತಾವಾಗಿ ಅಂಗಳಕ್ಕೆ ಓಡುತ್ತಿದ್ದವು. ಉಳಿದ ಶಿಷ್ಯರಿಗೆ ಅದೊಂದು ತಮಾಷೆ. “ದೇಹ ಸುಳ್ಳು ಅಂತ ಬೆಳಿಗ್ಗೆ ಪಾಠ ಒಪ್ಪಿಸ್ತಾನೆ. ಒಲೆ ಹಚ್ಚಿದರೆ ಅದೇ ದೇಹ ಹೊತ್ತುಕೊಂಡು ಓಡ್ತಾನೆ!”

ಮರುದಿನ ಅಡುಗೆಯ ಸರದಿ ಅವನದು. ಸರದಿ ತಪ್ಪಿಸಿದವನಿಗೆ ಆ ಮಠದಲ್ಲಿ ಜಾಗವಿರಲಿಲ್ಲ. ರಾಚಯ್ಯ ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ.

“ಈ ಹೆದರಿಕೆಯನ್ನು ಬಡಿದು ಸಾಯಿಸುವ ದಾರಿ ಹೇಳಿ. ಇಲ್ಲವಾದರೆ ಹೊರಡಲು ಅಪ್ಪಣೆ ಕೊಡಿ.”

ಗುರುಗಳು ಗಂಟನ್ನೊಮ್ಮೆ ನೋಡಿದರು. ಅಪ್ಪಣೆ ಕೊಡಲಿಲ್ಲ. ಕತೆ ಹೇಳಿದರು.

ಎತ್ತಿನ ಬೆನ್ನಿಗೆ ಹೇರು ಹಾಕಿ ಊರೂರು ತಿರುಗುವ ವ್ಯಾಪಾರಿಗಳಲ್ಲಿ ಒಂದು ಕಟ್ಟಳೆಯಿತ್ತು. ಸಾಲಿನ ಮುಂದಿನ ಎತ್ತು ನಿಂತರೆ ಬಾರುಕೋಲು ಎತ್ತಬಾರದು. ಒಬ್ಬ ಮುಂದೆ ಹೋಗಿ ನೋಡಬೇಕು. ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಆತುರ ಬಂದಾಗ ಎಲ್ಲರೂ ಮುರಿದ ಕಟ್ಟಳೆ.

ಒಬ್ಬ ಕೊಬ್ಬರಿ ವ್ಯಾಪಾರಿಯ ಸಾಲಿನಲ್ಲಿ ಮುಂದೆ ನಡೆಯುವ ಎತ್ತು ಬಲು ಜಾಣ. ಒಂದು ಮಳೆಗಾಲ ಹೊಳೆ ಹಾಯುವಾಗ ಹಠಾತ್ತನೆ ಪ್ರವಾಹ ಬಂದು ಅದನ್ನು ಎಳೆದೊಯ್ದಿತು. ಹಗ್ಗ ಹಾಕಿ ದಡಕ್ಕೆ ತಂದರು. ಬದುಕಿತು. ಅಂದಿನಿಂದ ಅದು ನೀರು ಕಂಡಲ್ಲೆಲ್ಲ ನಿಂತಿತು. ಪಾದ ಮುಳುಗದ ಹಳ್ಳದ ಮುಂದೆಯೂ ನಿಂತಿತು. ಅದು ನಿಂತರೆ ಸಾಲೆಲ್ಲ ನಿಂತಂತೆ.

ಆಳುಗಳು ಹೊಡೆದರು. ಎತ್ತು ದಾಟಿತು, ಮುಂದಿನ ಹಳ್ಳ ಬಂದಾಗ ಇನ್ನೂ ದೂರದಲ್ಲೇ ನಿಂತಿತು. ಕಣ್ಣಿಗೆ ಬಟ್ಟೆ ಕಟ್ಟಿ ಮೂಗುದಾರ ಹಿಡಿದು ಎಳೆದರು. ಎತ್ತು ನಡುಗುತ್ತಲೇ ನಡೆಯಿತು. ಈ ಉಪಾಯ ಚೆನ್ನಾಗಿದೆ ಎಂದುಕೊಂಡರು. ಒಂದು ದಿನ ದಡ ನಿಜವಾಗಿಯೇ ಕುಸಿದಿತ್ತು. ಕಣ್ಣು ಕಟ್ಟಿದ್ದ ಎತ್ತು ನಿಲ್ಲಲಿಲ್ಲ. ಅದು ಹೇಗೋ ಪಾರಾಯಿತು. ಹಿಂದಿನ ಎತ್ತಿನ ಕಾಲು ಮುರಿಯಿತು.

ರಾಚಯ್ಯನಿಗೆ ತಡೆಯಲಾಗಲಿಲ್ಲ. “ಅದು ಎತ್ತು, ಗುರುಗಳೇ. ಅದಕ್ಕೆ ಬುದ್ಧಿಯಿಲ್ಲ. ನನಗಿದೆಯಲ್ಲ?”

“ನಿನ್ನ ಮಿದುಳಿನಲ್ಲಿ ಎತ್ತೂ ಇದೆ, ವ್ಯಾಪಾರಿಯೂ ಇದ್ದಾನೆ. ಹೊಗೆಯ ಸುದ್ದಿ ಮೊದಲು ಮುಟ್ಟುವುದು ಮುಂದಿರುವ ಎತ್ತಿಗೆ. ಹಿಂದಿರುವ ವ್ಯಾಪಾರಿ ‘ಇದು ಬರೀ ಒಲೆ’ ಅನ್ನುವಷ್ಟರಲ್ಲಿ ಎತ್ತು ನಿಂತಾಗಿರುತ್ತದೆ. ಎತ್ತಿಗೆ ವಾಸನೆ ತಿಳಿಯುತ್ತದೆ, ಸದ್ದು ತಿಳಿಯುತ್ತದೆ. ವ್ಯಾಪಾರಿಯ ಮಾತು ತಿಳಿಯುವುದಿಲ್ಲ.”

ರಾಚಯ್ಯ ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ. ಇಷ್ಟು ದಿನ ಅದನ್ನು ಬೈದುಕೊಂಡು ತಿರುಗಿದ್ದ. ಒಳಗೆ ಹೀಗೆ ಯಾರೋ ನಿಂತಿರಬಹುದೆಂದು ಯೋಚಿಸಿರಲಿಲ್ಲ. ಗಂಟು ಕೆಳಗಿಟ್ಟು ಕೂತ. “ಆಮೇಲೆ?”

ಆಮೇಲೆ ವ್ಯಾಪಾರಿಗೆ ತಾಳ್ಮೆ ಕೆಟ್ಟಿತು. ಸಂತೆ ಮುಟ್ಟಿದೊಡನೆ ಈ ಎತ್ತನ್ನು ಕಟುಕನಿಗೆ ಕೊಡುವುದೆಂದು ತೀರ್ಮಾನಿಸಿದ. ಸಂತೆಗೂ ಅವರಿಗೂ ನಡುವೆ ಒಂದೇ ಹಳ್ಳ ಉಳಿದಿತ್ತು. ಕಣ್ಣು ಕಟ್ಟಿದ್ದರೂ ನೀರಿನ ಸದ್ದಿಗೆ ಎತ್ತು ಅಲ್ಲಿಯೂ ನಿಂತಿತು. ವ್ಯಾಪಾರಿ ತನ್ನ ಹೆಂಡತಿಯ ತಮ್ಮನ ಕೈಗೆ ಬಾರುಕೋಲು ತುರುಕಿದ.

“ಹೊಡೆಯೋ! ಏನು ನೋಡ್ತಾ ನಿಂತೆ? ದಾಟೋದಕ್ಕೆ ಎತ್ತಿಗೆ ಪಂಚಾಂಗ ನೋಡಿ ಮುಹೂರ್ತ ಇಡ್ತೀಯಾ?”

“ಮುಂದೆ ಹೋಗಿ ನೋಡದೆ ಹೊಡೆಯೋದಿಲ್ಲ, ಭಾವ.”

“ನೋಡೋದಕ್ಕೆ ಏನಿದೆ? ಮೊಣಕಾಲುದ್ದ ನೀರು!”

“ಅದು ನಿಮಗೆ ಗೊತ್ತು. ಅದಕ್ಕೆ ಗೊತ್ತಿಲ್ಲ.”

ಆಳುಗಳು ನಕ್ಕರು. ಭಾವಮೈದುನ ಬಾರುಕೋಲನ್ನು ಕೆಳಗೆ ಹಾಕಿದ. ಎತ್ತಿನ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಅದರ ಕಣ್ಣೆದುರೇ ಹಳ್ಳಕ್ಕಿಳಿದ, ನಡುವೆ ನಿಂತ, ತಿರುಗಿ ಬಂದು ಒದ್ದೆ ಕೈಯನ್ನು ಅದರ ಮೂಗಿಗೆ ಹಿಡಿದ. ಎತ್ತು ಮೂಸಿತು. ಮತ್ತೆ ಇಳಿದ. ಮತ್ತೆ ಬಂದ. ಎತ್ತು ಒಂದು ಕಾಲು ನೀರಿಗಿಟ್ಟು ಹಿಂದಕ್ಕೆ ತೆಗೆದುಕೊಂಡಿತು. ಅವನು ಬೈಯಲಿಲ್ಲ. ಹೊತ್ತು ಇಳಿಯಿತು, ಸಂತೆ ಕೈತಪ್ಪಿಹೋಯಿತು. ಅವನು ಮಾತ್ರ ಮೂಗುದಾರ ಎಳೆಯದೆ, ಎತ್ತಿಗೆ ಮುಖ ಮಾಡಿ, ನೀರಿನಲ್ಲೇ ನಿಂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಎತ್ತು ದಾಟಿತೇ, ಗುರುಗಳೇ?” ರಾಚಯ್ಯ ಮುಂದಕ್ಕೆ ಬಾಗಿದ.

“ನಾಳೆ ನೀನು ಬರುವ ಮೊದಲೇ ನಾನು ಒಲೆಯ ಪಕ್ಕದಲ್ಲಿ ಕೂತಿರುತ್ತೇನೆ, ನೀನು ಬಾಗಿಲಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲು.”

ರಾಚಯ್ಯ ಬಟ್ಟೆಯ ಗಂಟು ಬಿಚ್ಚಿದ.