ತಳದ ಮೊಳಕೆ

ಹೊಳೆಯ ದಡದಲ್ಲಿ ದುಂಡಮ್ಮನ ಗುಡಿಸಲು. ಊರಿಗೆಲ್ಲ ಮೊಳಕೆಕಾಳಿನ ಹೆಂಡ ಕಾಯಿಸಿಕೊಡುವವಳು ಅವಳೊಬ್ಬಳೇ.

ಅವಳ ಬಳಿ ಕಲಿಯಲು ಬಂದ ಚಿಕ್ಕತಾಯಿಗೆ ಅದು ಮೂರನೆಯ ವರ್ಷ. ಎರಡು ವರ್ಷ ಸೌದೆ ಒಡೆದಿದ್ದಳು, ಹಂಡೆ ತಿಕ್ಕಿದ್ದಳು. ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಕಾಳು ಎಷ್ಟು ಗಂಟೆ ನೆನೆಯಬೇಕು, ಮೊಳಕೆ ಎಷ್ಟುದ್ದ ಬರಬೇಕು, ನೀರು ಎಷ್ಟು ಬಿಸಿಯಿರಬೇಕು.

ಒಂದು ಬೆಳಿಗ್ಗೆ ದುಂಡಮ್ಮ ಹೇಳಿದಳು, "ಇನ್ನು ಒಂಬತ್ತು ದಿನಕ್ಕೆ ಬೋರಣ್ಣ ಹೊಸ ದೋಣಿ ನೀರಿಗಿಳಿಸ್ತಾನೆ. ಆವತ್ತಿನ ಹಂಡೆ ನಿಂದು."

"ನಂದಾ? ಅವ್ವಾ, ಕೆಟ್ಟರೆ?"

"ಕೆಟ್ಟರೆ ಸೌದೆ ಒಡೆಯೋದು ಇದ್ದೇ ಇದೆ. ಚೆನ್ನಾಗಿ ಬಂದರೆ ಈ ಹುಟ್ಟು ನಿನಗೆ."

ಅದು ಹಳೆಯ ದೋಣಿಯ ಹುಟ್ಟು. ನಲವತ್ತು ವರ್ಷ ಅದರಲ್ಲೇ ಹಂಡೆ ತಿರುವಿ ದುಂಡಮ್ಮ ಅದರ ಅಂಚು ಸವೆಸಿದ್ದಳು. ಚಿಕ್ಕತಾಯಿಯ ಕಣ್ಣು ಬಂದ ದಿನದಿಂದ ಅದರ ಮೇಲೆಯೇ ಇತ್ತು.

ಗುಡಿಸಲಿನಲ್ಲಿ ಮೂರು ಬುಟ್ಟಿ. ಒಂದರಲ್ಲಿ ಮೊಳಕೆ ಬಂದು ಬಿಸಿಲಲ್ಲಿ ಒಣಗಿದ ಜವೆಗೋಧಿ, ಹುಲ್ಲಿನಂತೆ ಪೇಲವ. ಇನ್ನೊಂದರಲ್ಲಿ ಕೆಂಪಗೆ ಹುರಿದ ಜವೆಗೋಧಿ. ಮೂರನೆಯದರಲ್ಲಿ ಕಪ್ಪಗೆ ಹುರಿದ ಮೊಳಕೆ ರಾಗಿ. ಅದರ ಘಮಕ್ಕೆ ದಾರಿಹೋಕರೂ ನಿಲ್ಲುತ್ತಿದ್ದರು.

"ಅವ್ವಾ, ಹಂಡೆಯ ತಳಕ್ಕೆ ಯಾವುದು?"

"ಒಣಗಿಯೂ ಸಾಯದೆ ಇರುವುದು."

ಚಿಕ್ಕತಾಯಿ ಪುಸ್ತಕವನ್ನೆಲ್ಲ ತಿರುವಿದಳು. ಅದರಲ್ಲಿ ಆ ಮಾತಿಗೆ ಹಾಳೆಯೇ ಇರಲಿಲ್ಲ; ತಳಕ್ಕೆ ಹಿಟ್ಟು ಸುರಿಯುವಾಗಲೆಲ್ಲ ದುಂಡಮ್ಮ ಅವಳನ್ನು ನೀರು ತರಲು ಕಳಿಸುತ್ತಿದ್ದಳು. ಕೊನೆಗೆ ಮೂಗು ಹೇಳಿದ್ದನ್ನೇ ಕೇಳಿದಳು. ಇಷ್ಟು ಘಮಘಮಿಸುವುದು ಸತ್ತಿರಲು ಸಾಧ್ಯವೇ? ಕಪ್ಪು ರಾಗಿಯನ್ನು ಮುಕ್ಕಾಲು ಬುಟ್ಟಿ ಬೀಸಿ ಹಂಡೆಗೆ ಸುರಿದಳು.

ಬಿಸಿನೀರು ಹುಯ್ದು ಹುಟ್ಟು ಆಡಿಸಿದಳು. ಒಂದು ಗಂಟೆ ಕಾದಳು. ಎರಡು ಗಂಟೆ ಕಾದಳು. ಹಂಡೆಯಲ್ಲಿ ಇದ್ದದ್ದು ಮಂದವಾದ ಗಂಜಿ. ನೆಕ್ಕಿದರೆ ಸಿಹಿಯ ಸುಳಿವಿಲ್ಲ.

ದುಂಡಮ್ಮ ಬಂದು ಬಗ್ಗಿ ನೋಡಿದಳು.

"ಸರಿಯಾ, ಅವ್ವಾ?" ಚಿಕ್ಕತಾಯಿ ಕೇಳಿದಳು.

"ಸರಿಯೇ. ಸಂದೇಹವೇ ಇಲ್ಲ."

ದುಂಡಮ್ಮ ಬಟ್ಟಲಿಗೆ ಎರಡು ಸೌಟು ಬಡಿಸಿ, ಆರಿಸುತ್ತ ಹೊರಗೆ ನಡೆದಳು. ಬೋರಣ್ಣನ ಮೊಮ್ಮಗಳು ಅಂಗಳದಲ್ಲಿ ತೆವಳುತ್ತಿತ್ತು. ಹಿಡಿದು ಮಡಿಲಲ್ಲಿ ಕೂರಿಸಿಕೊಂಡು ಬೆರಳಿಂದ ಬಾಯಿಗಿಟ್ಟಳು. ಮಗು ಚಪ್ಪರಿಸಿ ಇನ್ನಷ್ಟಕ್ಕೆ ಬಾಯಿ ತೆರೆಯಿತು.

"ನೋಡು! ಎಂಥಾ ರಾಗಿ ಸರಿ ಮಾಡಿದೀಯ! ಹಂಡೆ ತುಂಬ ಇದೆ, ಊರಿನ ಕೂಸುಗಳನ್ನೆಲ್ಲ ಕರಿ!"

ದೋಣಿಗೆ ಎಣ್ಣೆ ಬಳಿಯುತ್ತಿದ್ದ ಬೋರಣ್ಣ ಬಿದ್ದು ಬಿದ್ದು ನಕ್ಕ. "ದೋಣಿ ಇಳಿಸೋ ದಿನ ನಾವೂ ಮಡಿಲಲ್ಲಿ ಕೂತು ತಿನ್ನಬೇಕೇನವ್ವಾ?"

ಚಿಕ್ಕತಾಯಿಗೆ ಅಳು ಬಂತು. ಮಗುವಿನ ಕಪ್ಪು ಮೀಸೆ ನೋಡಿ ನಗುವೂ ಬಂತು.

ದುಂಡಮ್ಮ ಮೂರು ಬೋಗುಣಿಗೆ ಬಿಸಿ ಗಂಜಿ ತುಂಬಿಸಿದಳು. "ಒಂದೊಂದಕ್ಕೆ ಒಂದೊಂದು ಬುಟ್ಟಿಯದು ಹಿಡಿ ಹಿಟ್ಟು ಹಾಕಿ, ಸೌಟು ನಿಲ್ಲಿಸು. ನಾನು ಮಿಂದು ಬರ್ತೀನಿ."

ಅವಳು ಒದ್ದೆ ಕೂದಲು ಹಿಂಡುತ್ತ ಬರುವ ಹೊತ್ತಿಗೆ ಎರಡು ಸೌಟು ನೆಟ್ಟ ಗೂಟದಂತೆ ನಿಂತಿದ್ದವು. ಮೂರನೆಯದು ಮಗ್ಗುಲಿಗೆ ಒರಗಿತ್ತು. ಚಿಕ್ಕತಾಯಿ ಅದನ್ನು ಎತ್ತಿ ನಾಲಿಗೆಗಿಟ್ಟಳು. ಗಂಜಿ ನೀರಾಗಿತ್ತು. ನೀರು ಕಬ್ಬಿನ ಹಾಲಾಗಿತ್ತು.

"ಪೇಲವದ್ದು!" ಎಂದು ಕೂಗಿದಳು. "ಅವ್ವಾ, ಹಾಕಿದ್ದು ಒಂದೇ ಹಿಡಿ. ಬೋಗುಣಿಯಲ್ಲಿದ್ದ ರಾಗಿಯನ್ನೆಲ್ಲ ಸಿಹಿ ಮಾಡಿಬಿಟ್ಟಿದೆ!"

"ಬೆಂಕಿ ಕಂಡದ್ದಲ್ಲ ಅದು. ಬರೀ ಬಿಸಿಲು ಕಂಡದ್ದು. ಜೀವ ಒಳಗೇ ಇದೆ."

"ಹಾಗಾದರೆ ಹುರಿದ ರಾಗಿ ಬೇಡವಾ?"

"ಯಾಕೆ ಬೇಡ? ಘಮ ಯಾರು ಕೊಡಬೇಕು, ನೀನಾ? ಹತ್ತು ಸೇರಿಗೆ ಒಂದು ಸೇರು."

ಚಿಕ್ಕತಾಯಿ ಕುಣಿಯುತ್ತಲೇ ಹಂಡೆ ತಿಕ್ಕಿದಳು. ಒಂಬತ್ತು ಸೇರು ಪೇಲವ ಜವೆ, ಒಂದು ಸೇರು ಕಪ್ಪು ರಾಗಿ. ಸಿಹಿನೀರು ಸೋಸಿ, ಕುದಿಸಿ, ಆರಿಸಿದಳು. ಹಳೆಯ ಮಡಕೆಯ ತಳದ ಗಸಿಯನ್ನು ಹೆಪ್ಪಿನಂತೆ ಬೆರೆಸಿ, ಬೇರೆ ಮಡಕೆಗೆ ತುಂಬಿ ಅದರ ಬಾಯಿಗೆ ಬಟ್ಟೆ ಕಟ್ಟಿದಳು. ಮಾರನೆಯ ದಿನ ಕಿವಿಯಿಟ್ಟರೆ ಮಡಕೆ ಗುಸುಗುಸು ಮಾತಾಡುತ್ತಿತ್ತು.

ಒಂಬತ್ತನೆಯ ದಿನ ದೋಣಿ ನೀರಿಗಿಳಿಯಿತು. ದಡದ ತುಂಬ ಜನ. ಬೋರಣ್ಣ ಮೊದಲ ಲೋಟ ಹಿಡಿದು ಅನುಮಾನದಿಂದ ಕೇಳಿದ, "ದುಂಡವ್ವಾ, ಸರಿಯಾ?"

"ಸರಿ ಅಲ್ಲ ಕಣಯ್ಯಾ. ಕುಡಿ."

ಬೋರಣ್ಣ ಕುಡಿದ. ಮೀಸೆಗೆ ನೊರೆ ಹತ್ತಿತು. "ಆಹಾ! ಹುರಿದ ರಾಗಿಯ ಘಮ ನೋಡ್ರೋ!"

ಆಮೇಲೆ ದಡದಲ್ಲೆಲ್ಲ ಅದೇ ಮಾತು. ರಾಗಿಯ ಘಮ, ರಾಗಿಯ ಬಣ್ಣ, ಚಿಕ್ಕತಾಯಿಯ ಕೈಗುಣ. ಯಾರೋ ಅವಳನ್ನು ಹೊಸ ದೋಣಿಯಲ್ಲಿ ಕೂರಿಸಿ ಒಂದು ಸುತ್ತು ತಿರುಗಿಸಿಯೂ ತಂದರು.

ಅವಳು ಇಳಿದು ಬರುವಾಗ ಗುಡಿಸಲ ಬಾಗಿಲಿಗೆ ಹುಟ್ಟು ಒರಗಿತ್ತು, ತೊಳೆದು ಎಣ್ಣೆ ಹಚ್ಚಿದ್ದು. ಪಕ್ಕದಲ್ಲಿ ದುಂಡಮ್ಮ ಒಬ್ಬಳೇ ಕಾಲು ಚಾಚಿ ಕೂತಿದ್ದಳು.

ಚಿಕ್ಕತಾಯಿ ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಆದರೆ ಮನಸ್ಸಿನಲ್ಲಿ ಏನೋ ಚುಚ್ಚುತ್ತಿತ್ತು.

"ಅವ್ವಾ, ಎಲ್ಲರೂ ರಾಗಿಯನ್ನೇ ಹೊಗಳಿದರು. ತಳದಲ್ಲಿದ್ದದ್ದರ ಹೆಸರು ಒಬ್ಬರೂ ಎತ್ತಲಿಲ್ಲ."

ದುಂಡಮ್ಮ ಖಾಲಿ ಲೋಟ ಮುಂದೆ ಚಾಚಿದಳು.

"ಅದಕ್ಕೇನೂ ಬೇಜಾರಿಲ್ಲ, ಮಗಾ. ಹುಯ್ಯಿ."