ದೀಪಗಳ ಎದುರು ಆಡಬಾರದ ಮಾತು

ಬೀದಿಯ ಮನೆಮನೆಯ ನಲವತ್ತು ದೀಪಗಳಿಗೆ ವರ್ಷಪೂರ್ತಿ ಎಣ್ಣೆ ಒದಗಿಸುವ ಗುತ್ತಿಗೆ, ವ್ಯಾಪಾರವೇನೂ ಚಿಕ್ಕದಲ್ಲ. ಕೇಳಲು ಬಂದವರು ಇಬ್ಬರು: ಊರಿನದೇ ಹೊಂಗೆಎಣ್ಣೆಯ ಮಾಸಿದ ಡಬ್ಬಿ, ಪರಊರಿನಿಂದ ಬಂದ ಹೊಸ ದೀಪದೆಣ್ಣೆಯ ಹೊಳೆಯುವ ಡಬ್ಬಿ.

ಹೊಳೆಯುವ ಡಬ್ಬಿಗೆ ಗೆಲುವಿನ ಬಗ್ಗೆ ಅನುಮಾನವೇ ಇರಲಿಲ್ಲ. ತನ್ನ ಎಣ್ಣೆಯಲ್ಲಿ ಹೊಗೆಯಿಲ್ಲ, ಕಮಟಿಲ್ಲ. ಅದು ಗಂಟಲು ಸರಿಮಾಡಿಕೊಂಡು, "ತಾಯಂದಿರೇ, ಬೇರೆ ಎಣ್ಣೆ ಹಾಕಿದರೆ ದೀಪ ಆರುತ್ತದೆ. ನನ್ನ ಎಣ್ಣೆ ಹಾಕಿದ ದೀಪ ಆರಿದ್ದೇ ಇಲ್ಲ," ಎಂದಿತು.

ನಲವತ್ತು ದೀಪಗಳೂ ಮುಖ ತಿರುಗಿಸಿದವು.

"ಮುಸ್ಸಂಜೆ ಹೊತ್ತಲ್ಲಿ ಎಂಥಾ ಮಾತಪ್ಪಾ ಇದು," ಎಂದಿತು ಹಿರಿಯ ಕಂಚಿನ ದೀಪ.

"ಆರುವುದಿಲ್ಲ ಅಂತಲೇ ಅಲ್ಲವೇನಮ್ಮ ನಾನು ಹೇಳಿದ್ದು?"

"ಇಲ್ಲ ಅಂದರೂ ಆ ಪದ ಬಾಯಲ್ಲಿ ಬಂತಲ್ಲ. ನಮ್ಮ ಮನೆಗಳಲ್ಲಿ ದೀಪ ಆರಿಸುವವರಿಲ್ಲ, ದೊಡ್ಡದು ಮಾಡುವವರಿದ್ದಾರೆ. ಹೊಂಗೆಯಪ್ಪಾ, ನೀನೇನು ಹೇಳುತ್ತೀ?"

"ನಾನೇನು ಹೇಳಲಮ್ಮ. ನಿಮ್ಮನ್ನು ದೊಡ್ಡದು ಮಾಡುವ ಹೊತ್ತಿಗೂ ಒಂದು ಹನಿ ಉಳಿದಿರುತ್ತೇನೆ."

"ಹೊಗೆ ಮಾತ್ರ ಜಾಸ್ತಿ ನಿಂದು," ಎಂದು ಮೂಲೆಯ ದೀಪವೊಂದು ಚುಚ್ಚಿತು. ಆದರೂ ಗುತ್ತಿಗೆ ಹೊಂಗೆಗೇ ಹೋಯಿತು.

ಹೊಳೆಯುವ ಡಬ್ಬಿ ಜಗಳ ತೆಗೆಯಲಿಲ್ಲ. ಮರುದಿನ ಪಕ್ಕದ ಬೀದಿಗೆ ಹೋಗಿ, ಅಲ್ಲಿನ ದೀಪಗಳು ತಮ್ಮತಮ್ಮಲ್ಲಿ ಆಡುವ ಮಾತನ್ನು ಬಹಳ ಹೊತ್ತು ಕೇಳುತ್ತ ಕೂತಿತು. ಆಮೇಲೆ ಇಷ್ಟೇ ಹೇಳಿತು: "ಮನೆಯಾಕೆ ಬಂದು ದೊಡ್ಡದು ಮಾಡುವ ತನಕ ನಿಮ್ಮ ಜೊತೆಗಿರುತ್ತೇನೆ."

ಎಣ್ಣೆ ಅದೇ, ಡಬ್ಬಿಯೂ ಅದೇ. ಕಳೆದುಕೊಂಡದ್ದು ನಲವತ್ತು ದೀಪ, ಕಲಿತದ್ದು ಒಂದು ಮಾತು, ಸಿಕ್ಕಿದ್ದು ಅರವತ್ತೆರಡು ದೀಪ.